ಚಂಪಾ ಬರೆದ ಚೌಕಗಳು

ಡೊಂಬಿವಲಿ ಎಂಐಡಿಸಿ,
೩೧ ಜುಲೈ ೨೦೧೪

ನನ್ನ ಅಶ್ಮಿತಾ,

ದಿನಾ ಫೋನಿನಲ್ಲಿ ಸಿಗುವ ಅಮ್ಮ ಕಾಗದ ಬರೆಯುವುದೇಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಮಯೂರನ ಹೆಸರೆತ್ತಿದರೆ ಸಾಕು, ನಿನಗೆ ಘೋಡಬಂದರ್ ರಸ್ತೆಯ ಟ್ರಾಫಿಕ್ ನೆನಪಾಗುತ್ತದೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ನಿನ್ನ ಅಣ್ಣ ಲಾವೋಸಿನಲ್ಲಿ ತಾನು ಕೆಲಸಕ್ಕಿದ್ದ ಹೊಟೇಲಿನಿಂದ ಕೊನೆಯ ಸಲ ಮಾತಾಡಿದ್ದು ಮೇ ತಿಂಗಳಲ್ಲಿ, ಜ್ವರದ ದನಿಯಲ್ಲಿ. ಆಮೇಲೆ ಬಂದದ್ದೆಲ್ಲ ಅವನ ಹೆಂಡತಿ ಚಂಪಾಳ ಮೇಲ್. ಆ ಹುಡುಗಿಗೆ ಲಾವೋ ಬಿಟ್ಟರೆ ಬೇರೆ ಭಾಷೆ ಬಾರದು. ನಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ಅದೂ ಬರೀ ಚೌಕಗಳು, ಖಾಲಿ ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ. ನೀನು ಬಂದು ಲಾವೋ ಫಾಂಟ್ ಹಾಕಿದೆ. ಚೌಕ ಹೋಗಿ ಅಕ್ಷರ ಬಂದಾಗ ನನಗೆಷ್ಟು ಖುಷಿಯಾಯಿತು! ನಮ್ಮ ಅಕ್ಷರದಷ್ಟೇ ದುಂಡಗೆ. ಒಂದಾದರೂ ಗುರುತು ಸಿಗುತ್ತದೇನೋ ಎಂದು ಬೆರಳಿಟ್ಟು ಹುಡುಕಿದೆ. ನೀನು ಮೊಬೈಲಿನಲ್ಲಿ ಅನುವಾದ ಮಾಡಿ ನೋಡಿ, ಅಣ್ಣ ಆಸ್ಪತ್ರೆಯಲ್ಲಿದ್ದಾನಂತೆ, ಹುಷಾರಾಗ್ತಿದ್ದಾನಂತೆ, ಟೆನ್ಶನ್ ಮತ್ ಲೋ ಅಮ್ಮ ಅಂದೆ. ಮುಖ ತೊಳೆಯಲು ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ನೀನು ಥಾಣೆಗೆ ಹೊರಟ ಮೇಲೆ ನೋಡಿದರೆ ಮತ್ತೆ ಚೌಕಗಳು. ಕೇಳಿದ್ದಕ್ಕೆ, ಅಪ್‌ಡೇಟ್ ಬಂದು ಫಾಂಟ್ ಹಾರಿಹೋಗಿರಬೇಕು ಅಂದೆ. ನಾನು ನಂಬಿದೆ.

ಮೊನ್ನೆ ಫ್ಯಾಕ್ಟರಿ ವಾಸನೆಗೆ ಕಿಟಕಿಯೆಲ್ಲ ಮುಚ್ಚಿ ನಾನೇ ಕಂಪ್ಯೂಟರ್ ಮುಂದೆ ಕುಳಿತೆ. ಕಲ್ಯಾಣದ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳಿಗೆ ಕೀಬೋರ್ಡ್ ಹೊಸದಲ್ಲ. ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡುವ ಆ ಟರ್ಮಿನಲ್ ತೆರೆದು ಮೇಲ್ಮುಖದ ಬಾಣ ಒತ್ತಿದರೆ ಹಿಂದೆ ಟೈಪ್ ಮಾಡಿದ ಸಾಲು ತಾನಾಗಿ ಬರುತ್ತದೆ ಎಂದು ನೀನೇ ತೋರಿಸಿದ್ದೆ. ಒತ್ತಿದೆ. ಮೊದಲು ಬಂದದ್ದು ಫಾಂಟ್ ಹಾಕಿದ ಸಾಲಲ್ಲ, ತೆಗೆದ ಸಾಲು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ, ಮಗಳೇ. ಸಿಟ್ಟು ನೆತ್ತಿಗೇರಿತು, ಆಮೇಲೆ ತಾನಾಗಿ ಇಳಿಯಿತು. ಇನ್ನೊಮ್ಮೆ ಬಾಣ ಒತ್ತಿ, ಹಾಕುವ ಸಾಲು ಹಿಡಿದು, ಫಾಂಟ್ ನಾನೇ ಹಾಕಿದೆ.

ಈಗ ಅಕ್ಷರ ಕಾಣುತ್ತಿವೆ. ಓದಿಸಲು ಯಾರ ಹತ್ತಿರವೂ ಹೋಗಿಲ್ಲ, ಹೋಗುವುದೂ ಇಲ್ಲ. ಭಾನುವಾರ ಬಂದು ನೀನೇ ಓದಿ ಹೇಳು, ಇದ್ದದ್ದು ಇದ್ದ ಹಾಗೆ. ಚಂಪಾ ಇನ್ನೂ ಬರೆಯುತ್ತಲೇ ಇದ್ದಾಳೆ, ನಿನ್ನೆಯೂ ಒಂದು ಬಂತು. ಅವಳಿಗೆ ನಾವು ಒಂದು ಸಾಲಾದರೂ ಉತ್ತರ ಕೊಡಬೇಡವೇ? ನಿನ್ನನ್ನು ಬೈಯುವುದಿಲ್ಲ. ಊಟಕ್ಕೆ ಇಲ್ಲಿಗೇ ಬಾ.

ನಿನ್ನ ಅಮ್ಮ,
ರತ್ನಾವತಿ

ಇನ್ನೊಂದು ಮಾತು: ಆಟಿ ತಿಂಗಳ ಅಗೆಲಿಗೆ ನಿನ್ನ ಮನೆಗೆ ಬಂದಿದ್ದೆನಲ್ಲ. ತೀರಿಕೊಂಡವರಿಗೆ ಎಲೆ ಬಡಿಸಿ ಬಾಗಿಲೆಳೆದ ಮೇಲೆ ಒಳಗೆ ಇಣುಕಬಾರದು. ನಾನು ಇಣುಕಿದೆ. ನಿನ್ನ ಅಪ್ಪನಿಗೆ ಒಂದು ಎಲೆ ಸಾಕಿತ್ತು, ಅಲ್ಲಿ ಎರಡಿದ್ದವು. ಎರಡನೆಯದರಲ್ಲಿ ನೀನು ಕೋಳಿಸಾರನ್ನು ಗರಿಗರಿ ರೊಟ್ಟಿಯ ಮೇಲೆ ಸುರಿಯದೆ ಪಕ್ಕದಲ್ಲಿ ಬಡಿಸಿದ್ದೆ. ರೊಟ್ಟಿ ಮೆತ್ತಗಾದರೆ ಮುಟ್ಟದವನು ನಮ್ಮ ಮನೆಯಲ್ಲಿ ಒಬ್ಬನೇ.