ಅರಬಿ ವಿಂಡೋಸ್

ಅಕ್ಟೋಬರ್ 9, ಗುರುವಾರ

ಒಂದು ಕಾಲು ಮಗಳು ಝಹ್ರಾಳ ತೊಟ್ಟಿಲಿಗೆ, ಇನ್ನೊಂದು ಆಡಿಯೋ ನಿಲ್ಲಿಸಿ ಓಡಿಸುವ ಪೆಡಲಿಗೆ. ಡಾಕ್ಟರರು ರೋಗಿಗಳ ಬಗ್ಗೆ ಹೇಳಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುತ್ತಿದ್ದೆ. ಆಫೀಸಿನ ಮೆಸೇಜ್ — ಬುಧವಾರದಿಂದ ವಿಂಡೋಸ್ ಟೆನ್ ಇದ್ದವರಿಗೆ ಲಾಗಿನ್ ಇಲ್ಲ. ಇಲೆವೆನ್ ಹಾಕಿಕೊಳ್ಳಿ.

ಹಾಕಿಕೊಳ್ಳಿಯಂತೆ! ಈ ಟೈಪಿಂಗ್ ಪ್ರೋಗ್ರಾಂ ಮಾರಿದ ಕಂಪನಿಯೇ ಮುಚ್ಚಿದೆ. ಒಮ್ಮೆ ಅಳಿಸಿಹೋದರೆ ಮತ್ತೆ ಸಿಗದು. ಅದಿಲ್ಲದೆ ಕೆಲಸವಿಲ್ಲ. ಹೆರಿಗೆಯಾದ ಮೇಲೆ ನನ್ನದು ಅಂತ ಉಳಿದದ್ದು ಇದೊಂದೇ...

ಅಕ್ಟೋಬರ್ 10, ಮಧ್ಯಾಹ್ನ

ಇಲೆವೆನ್ ಶುರು ಮಾಡಿದೆ. 'ಫೈಲು, ಪ್ರೋಗ್ರಾಂ ಎರಡೂ ಉಳಿಸು' ಎಂಬ ಸಾಲು ಮಾತ್ರ ಮಸುಕು. ಒತ್ತಲಾಗದು. ಕ್ಯಾನ್ಸಲ್ ಮಾಡಿದೆ.

ಕಾವೂರಿನ ಕಂಪ್ಯೂಟರ್ ಅಂಗಡಿಯ ಮುಖೇಶ್‌ಗೆ ಫೋನ್.

"ಫಾರ್ಮ್ಯಾಟ್ ಮಾಡುವ ಅಕ್ಕ. ಫೈಲ್ ಎಲ್ಲ ತೆಗೆದು ಕೊಡ್ತೇನೆ."

"ಪ್ರೋಗ್ರಾಂ?"

"ಅದು ಹೋಗ್ತದೆ. ಎಂತ ಮಾಡ್ಲಿಕ್ಕೆ ಉಂಟು?"

ಅಕ್ಟೋಬರ್ 13, ಸೋಮವಾರ

ಮಗುವಿಗೆ ಜ್ವರ ಇತ್ತು. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಆ ಮಸುಕು ಸಾಲು.

ಹುಡುಕಿ ಹುಡುಕಿ ಕಾರಣ ಸಿಕ್ಕಿತು. ಮದುವೆಗೆ ಗಂಡ ಅಝರ್ ಸೌದಿಯ ದಮ್ಮಾಮಿನಿಂದ ತಂದ ಲ್ಯಾಪ್‌ಟಾಪ್ ಇದು. ಒಳಗಿನ ಮೂಲ ಭಾಷೆ ಅರಬಿ. ಇಂಗ್ಲಿಷ್ ಮೇಲೆ ಹೊದೆಸಿದ್ದು. ಎಲ್ಲ ಉಳಿಯಬೇಕಾದರೆ ಅರಬಿಯ ಇಲೆವೆನ್ನೇ ಬೇಕು. ಡೌನ್‌ಲೋಡಿಗೆ ಇಟ್ಟಿದ್ದೇನೆ.

ಮದ್ರಸದಲ್ಲಿ ಕಲಿತ ಅರಬಿ. ಓದಲು ಬರುತ್ತದೆ. ಅರ್ಥ ಒಂದೂ ಗೊತ್ತಿಲ್ಲ.

ಅಕ್ಟೋಬರ್ 14, ಬೆಳಿಗ್ಗೆ

ಪರದೆಯಲ್ಲಿ ಮೂರು ಸಾಲು. ಒಂದು ಎಲ್ಲ ಉಳಿಸುತ್ತದೆ, ಒಂದು ಎಲ್ಲ ಅಳಿಸುತ್ತದೆ. ಇಂಗ್ಲಿಷಿನಲ್ಲಿ ಉಳಿಸುವುದೇ ಮೊದಲು. ಅರಬಿ ಬಲದಿಂದ ಎಡಕ್ಕೆ — ಕ್ರಮವೂ ತಿರುಗಿದ್ದರೆ? ಫೋನಿನ ಅನುವಾದಕ್ಕೆ ತೋರಿಸಿದರೆ, ಮೂರಕ್ಕೂ 'ಏನೂ ಇಲ್ಲವನ್ನು ಇರಿಸಿ' ಎನ್ನುತ್ತದೆ. ನಂಬುವುದಾ ಇದನ್ನು?

ಅಝರ್‌ಗೆ ಫೋನ್ ಮಾಡಿದೆ. ದಮ್ಮಾಮಿನಲ್ಲಿ ವ್ಯಾನ್ ಓಡಿಸುತ್ತಿದ್ದ. ನೋಡಲಾಗದು, ಕೇಳಬಹುದು.

"ಓದು, ಅರ್ಥ ನಾನು ಹೇಳ್ತೇನೆ."

ಓದಿದೆ. ಮದ್ರಸದ ರಾಗದಲ್ಲೇ ಬಂತು. ಅವನ ಉಮ್ಮ ಆಸ್ಯಮ್ಮ ಒಳಗಿನಿಂದ ಬಂದು, ತಲೆಗೆ ಶಾಲು ಎಳೆದುಕೊಂಡು ಕೂತರು. "ಕುರ್‌ಆನಿನ ಯಾವ ಸೂರತ್ ಮಗಳೇ?"

"ಕಂಪ್ಯೂಟರಿದ್ದು ಉಮ್ಮ."

"ಓ! ನನಗೆ ಕಣ್ಣೀರೇ ಬಂತಲ್ಲ."

ಅಝರ್ ನಗಲಿಲ್ಲ. "ಮೊದಲನೆಯದ್ದು ಪುನಃ ಓದು... ಹಾಂ, ಅದೇ. ಒತ್ತು."

"ಖಂಡಿತವಾ?"

"ಇಷ್ಟು ವರ್ಷ ಬೈಗುಳ ತಿಂದು ಕಲಿತ ಅರಬಿ. ಒತ್ತು ಮಾರಾಯ್ತಿ."

ಒತ್ತಿದೆ.

ಅದೇ ದಿನ ಸಂಜೆ, ಅಸರ್ ನಮಾಝಿನ ನಂತರ

ಪರದೆ ಕಪ್ಪಾಯಿತು. ಬಂತು. ಪುನಃ ಕಪ್ಪು. ಬ್ಯಾಟರಿ ಸತ್ತು ಯಾವ ಕಾಲವಾಯಿತು; ಕರೆಂಟ್ ಹೋದರೆ ಮುಗಿಯಿತು. ಆಸ್ಯಮ್ಮ ಈಗ ನಿಜವಾದ ಸೂರತ್ ಓದುತ್ತಿದ್ದರು.

ಆಮೇಲೆ ಡೆಸ್ಕ್‌ಟಾಪ್. ಪ್ರೋಗ್ರಾಂ ಒತ್ತಿದೆ. ಚಕ್ರ ತಿರುಗಿತು, ತಿರುಗಿತು... ತೆರೆಯಿತು. ಎಲ್ಲ ಇದ್ದಲ್ಲೇ.

ಅಝರ್‌ಗೆ ಹೇಳಲು ಫೋನ್ ಮಾಡಿದೆ. ಬಾಯಿ ತೆರೆದರೆ ಅಳು ಮಾತ್ರ.

"ಹೋಯ್ತಾ? ಜುವೈರಿಯಾ? ನಾನು ಹೇಳಿದ್ದು ತಪ್ಪಾಯ್ತಾ? ಎಂತಾದ್ರೂ ಮಾತಾಡು—"