ಹನ್ನೊಂದು ಗಾಜು, ಒಂದು ಸುಳ್ಳು

ಗಾಜಿನ ಕಾರ್ಖಾನೆ, ಮಹಡಿಯ ಕೋಣೆ
ಗುರುವಾರ, ಮಾರ್ಚ್ ೧೨

ಮಾನ್ಯ ಅಳಿಯಂದಿರಿಗೆ,

ನಿಮ್ಮ ಬೆನ್ನುನೋವು ಹೇಗಿದೆ? ನನ್ನ ಮಗಳು ಹೇಗಿದ್ದಾಳೆ? ಹೆತ್ತವಳ ಫೋನು ಎತ್ತದಷ್ಟು ಗಟ್ಟಿಮುಟ್ಟಾಗಿದ್ದಾಳೆಂದು ತಿಳಿದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಸಿಟ್ಟು ನನಗೆ ಮೈಗೆ ಹತ್ತುತ್ತದೆ.

ನೀವು ಚೀಲ ಹೆಗಲಿಗೇರಿಸಿ ಅವಳನ್ನೂ ಕರೆದುಕೊಂಡು ಹೊರಟು ಇಂದಿಗೆ ಇಪ್ಪತ್ತು ದಿನ. ಆಸ್ಪತ್ರೆಯ ಕಿಟಕಿಗಳಿಗೆಂದು ಕತ್ತರಿಸಿದ ಗಾಜು ಚೌಕಟ್ಟಿಗಿಂತ ನಾಲ್ಕು ಮಿಲಿಮೀಟರ್ ದೊಡ್ಡದಾಗಿತ್ತು. ಕೂರಿಸಲು ಹೋಗಿ ಹನ್ನೊಂದು ಒಡೆದವು. ಅಳತೆ ಹಾಕುವ ಪ್ರೋಗ್ರಾಂ ಬರೆದವರು ನೀವು. "ತಪ್ಪು ತಿದ್ದಿ ಹೊಸದಾಗಿ ಕಂಪೈಲ್ ಮಾಡಿದೀನಿ ಅತ್ತೆ, ನಾನು ಓಡಿಸಿ ನೋಡಿದೀನಿ" ಅಂದಿರಿ. ನಾನು ಓಡಿಸಿದರೆ ಅದೇ ನಾಲ್ಕು ಮಿಲಿಮೀಟರ್! ಗಾಜು ಕತ್ತರಿಸುವ ಅಷ್ಟೂ ಜನರ ಎದುರಿಗೆ "ಸುಳ್ಳನ್ನಾದ್ರೂ ಅಳತೆ ಮಾಡಿ ಹೇಳ್ರೀ" ಅಂದೆ. ಅಷ್ಟಕ್ಕೇ ನಿಮ್ಮ ಮುಖ ಊದಿಕೊಂಡಿತು.

ತಳ್ಳುಗಾಡಿಯಲ್ಲಿ ಕನ್ನಡಿ ಮಾರಿ ಈ ಕಾರ್ಖಾನೆ ಕಟ್ಟಿದವಳಿಗೆ ನಿಮ್ಮ ಕಂಪ್ಯೂಟರಿನ ಕಪ್ಪು ಪರದೆ ಏನು ಮಹಾ ಎಂದು ನಾನೇ ಅದರ ಮುಂದೆ ಕೂತೆ. ನಿಮ್ಮ ಫೋಲ್ಡರಿನಲ್ಲಿ ಹೊಸ ಪ್ರೋಗ್ರಾಂ ಇತ್ತು, ತಾರೀಖು ನೀವು ಹೊರಟ ದಿನದ್ದು. ಬರೀ ಹೆಸರು ಟೈಪ್ ಮಾಡಿದರೆ ಮಾತ್ರ ಹಳೆಯ ಅಳತೆಯೇ ಬರುತ್ತಿತ್ತು. ಎಲ್ಲಿಂದ ತಂದು ಓಡಿಸುತ್ತಿದ್ದೀಯ ಎಂದು 'ವಿಚ್' ಎಂಬ ಆಜ್ಞೆ ಹಾಕಿ ಕೇಳಿದೆ. ಕಂಪ್ಯೂಟರ್ ಬೇರೊಂದು ಫೋಲ್ಡರಿನ ಹೆಸರು ಹೇಳಿತು. ಅಲ್ಲಿ ಹೋದ ವರ್ಷದ ಒಂದು ಪ್ರತಿ ಆರಾಮಾಗಿ ಕೂತಿತ್ತು. ಈ ಕಂಪ್ಯೂಟರ್ ಮಹರಾಯ ತನ್ನ ಪಟ್ಟಿಯಲ್ಲಿರುವ ಜಾಗಗಳಲ್ಲಿ ಹುಡುಕುತ್ತಾನೆಯೇ ಹೊರತು ನಾವಿರುವ ಫೋಲ್ಡರಿನತ್ತ ಕಣ್ಣೆತ್ತಿಯೂ ನೋಡುವುದಿಲ್ಲವಂತೆ. ಹೆಸರಿಗೆ ಮೊದಲು ಚುಕ್ಕೆ, ಓರೆಗೆರೆ ಹಾಕಿ 'ಇಲ್ಲಿರುವುದನ್ನೇ' ಎಂದು ಬೆರಳಿಟ್ಟು ತೋರಿಸಬೇಕು. ತೋರಿಸಿದೆ. ಬಂದ ಅಳತೆಗೆ ಕತ್ತರಿಸಿದ ಗಾಜು ಚೌಕಟ್ಟಿನಲ್ಲಿ ಸದ್ದಿಲ್ಲದೆ ಕೂತಿತು. ನೀವು ಓಡಿಸಿ ನೋಡಿದ್ದೂ ಹೀಗೇ ಇರಬೇಕು. ಇಷ್ಟನ್ನು ನಿಂತು ನೋಡುವ ತಾಳ್ಮೆ ನಿಮಗಿರಲಿಲ್ಲ. ಒಂದು ಮಾತು ತಾಗಿದರೆ ಚೂರಾಗುವವರು ನನ್ನ ಮನೆಯ ಅಳಿಯ ಆಗಿದ್ದಾದರೂ ಹೇಗೋ!

ಮಗಳಿಗೆ ಆಶೀರ್ವಾದ. ಮಿಕ್ಕರೆ ನಿಮಗೂ.

ನಿಮ್ಮ ಅತ್ತೆ

ಬರೆಯಲು ಮರೆತೆ: ಆ ಹಳೆಯ ಪ್ರತಿಯನ್ನು ಅಲ್ಲಿ ಇಟ್ಟವರು ನೀವಲ್ಲ. ಹೋದ ವರ್ಷ ನೀವು ರಜೆಯಲ್ಲಿದ್ದಾಗ, ಯಾವ ಫೋಲ್ಡರಿನಲ್ಲಿದ್ದರೂ ಓಡಲಿ ಎಂದು ಕಂಪ್ಯೂಟರ್ ರಿಪೇರಿಯವನಿಂದ ನಾನೇ ಹಾಕಿಸಿದ್ದೆ. ನಿಮಗೆ ಹೇಳಿರಲಿಲ್ಲ. ಅದನ್ನು ಇನ್ನೂ ಅಳಿಸಿಲ್ಲ. ಅವತ್ತು ನನ್ನ ಮಾತು ಕೇಳಿಸಿಕೊಂಡ ಅಷ್ಟೂ ಜನರನ್ನು ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರಿನ ಮುಂದೆ ನಿಲ್ಲಿಸುತ್ತೇನೆ. ಅದನ್ನು ಇಟ್ಟವರು ಯಾರೆಂದು ನಾನು ಹೇಳುತ್ತೇನೆ. ಅಳಿಸುವುದು ನೀವು.