ಮರದ ಗನ್ನುಗಳ ಜಾಗದಲ್ಲಿ

ಮಂಗಳವಾರ, ಮಧ್ಯಾಹ್ನ

ಮುನಿಸಿಕೊಂಡು ಕೂತಿರುವ ಅಪ್ಪನಿಗೆ, ಅದೇ ಮೊಂಡುತನವನ್ನು ಬಳುವಳಿಯಾಗಿ ಪಡೆದ ಮಗಳ ನಮಸ್ಕಾರ.

ನೀನು ಫೋನ್ ಎತ್ತುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಕೆಲಸ ಮುಗಿಯಿತು. ನಮ್ಮ ಸಂಗ್ರಹಾಲಯದ ಹಳೆಯ ಯುದ್ಧವಿಮಾನದ ಮೂತಿಯ ಮೇಲೆ ಮೂವತ್ತು ವರ್ಷ ಕೂತಿದ್ದ ನಿನ್ನ ಎರಡು ಮರದ ಮೆಷಿನ್‌ಗನ್ನುಗಳನ್ನು ಇಳಿಸಿ, ಅಸಲಿ ಗನ್ನುಗಳನ್ನು ಏರಿಸಿದೆ. ಅವುಗಳ ನಳಿಗೆಗೆ ಬೆಸುಗೆ ಹಾಕಿ ಮುಚ್ಚಿದ್ದಾರೆ, ಗುಂಡು ಹಾರುವುದಿಲ್ಲ. "ನನ್ನ ಕೆಲಸ ಸೌದೆಗೆ ಹೋಯ್ತು, ಇನ್ನು ಆ ಬಾಗಿಲು ತುಳಿಯಲ್ಲ" ಎಂದು ನೀನು ಅಂದದ್ದು ಮರೆತಿಲ್ಲ. ಇಳಿಸಿದವಳು ಸ್ವಂತ ಮಗಳು ಎನ್ನುವುದೇ ನಿನಗೆ ಹೆಚ್ಚು ಚುಚ್ಚಿದೆ.

ಮೊದಲು ನಿನ್ನ ತಪ್ಪು ಹೇಳಿಬಿಡುತ್ತೇನೆ. ಆಗ ನಿನಗೆ ಸಿಕ್ಕಿದ್ದು ಅಸಲಿ ಗನ್ನಿನ ಒಂದೇ ಒಂದು ಫೋಟೊ. ಅದನ್ನು ಅಚ್ಚು ಹಾಕಿದ ಪುಣ್ಯಾತ್ಮ ನೆಗೆಟಿವ್ ತಿರುವಿ ಇಟ್ಟಿದ್ದ. ಹಾಗಾಗಿ ನಿನ್ನ ಗನ್ನುಗಳಲ್ಲಿ ಗುಂಡಿನ ಪಟ್ಟಿ ಬಲದ ಬದಲು ಎಡದಿಂದ ಒಳಹೋಗುತ್ತದೆ. ಕೆಲಸಕ್ಕೆ ಸೇರಿದ ವಾರವೇ ನನಗಿದು ಗೊತ್ತಾಗಿತ್ತು. ಹನ್ನೆರಡು ವರ್ಷ ತುಟಿಪಿಟಕ್ಕೆನ್ನಲಿಲ್ಲ. ನಿನ್ನನ್ನು ನೋಡಿ ಯಾರಾದರೂ ನಕ್ಕರೆ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಇನ್ನು ಕೇಳು. ಗನ್ನು ಕೂರಿಸಲು ನೀನು ಕಬ್ಬಿಣದಲ್ಲಿ ಅರ ಹಾಕಿ ಮಾಡಿದ್ದೆಯಲ್ಲ ಆ ತೊಟ್ಟಿಲುಗಳು, ಅವುಗಳ ಅಳತೆಯನ್ನು ನೀನು ವಿಮಾನದ ಹಳೆಯ ತೂತುಗಳ ಗುರುತು ಹಿಡಿದೇ ಊಹಿಸಿದ್ದೆ. ಅಸಲಿ ಗನ್ನು ಅವುಗಳೊಳಗೆ, ಒಂದು ಕೂದಲೆಳೆಯಷ್ಟೂ ಅರದಿಂದ ಉಜ್ಜುವ ಅಗತ್ಯವಿಲ್ಲದೆ, ಹೋಗಿ ಕೂತಿತು! ವಾಯುಪಡೆಯಲ್ಲಿ ಇದೇ ಗನ್ನುಗಳನ್ನು ಬಿಚ್ಚಿ ಜೋಡಿಸಿ ನಿವೃತ್ತರಾದ ತಾತ ಒಬ್ಬರು ಸಲಹೆ ಕೊಡಲು ಬಂದಿದ್ದರು. ಹೆಬ್ಬೆರಳಿನಿಂದ ಅಂಚು ಸವರಿ, "ಇದು ಕಾರ್ಖಾನೆಯಿಂದ ಬಂದಿದ್ದಾ?" ಅಂದರು.

"ಅಲ್ಲ, ನಮ್ಮಪ್ಪ ಮಾಡಿದ್ದು. ಬಡಗಿ" ಎಂದೆ. ಬಾಗಿಲ ಕಾವಲುಗಾರನೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆನಂತೆ.

"ಬಡಗಿನಾ? ಸುಮ್ನಿರಮ್ಮ, ಮುದುಕನ್ನ ಆಟ ಆಡಿಸ್ಬೇಡ" ಅಂದರು ಅವರು. ನನಗೆ ಆ ಕ್ಷಣ ಎಷ್ಟು ಹೆಮ್ಮೆಯಾಯಿತು ಗೊತ್ತೇ ಅಪ್ಪ!

ನಿನ್ನ ಮರದ ಗನ್ನುಗಳು ಸೌದೆಗೆ ಹೋಗಿಲ್ಲ. ಪಕ್ಕದಲ್ಲೇ ಮೇಜಿನ ಮೇಲಿವೆ, "ಮುಟ್ಟಿ ನೋಡಿ" ಎಂಬ ಫಲಕದೊಂದಿಗೆ. ಅಸಲಿಯವಕ್ಕೆ ಹಗ್ಗದ ಬೇಲಿ ಬಿಗಿದಿದ್ದಾರೆ. ಭಾನುವಾರದಿಂದ ಜನರಿಗೆ ಪ್ರವೇಶ.

ನಿನ್ನ ಬಾಯಿಬಡುಕಿ

ಮರೆತಿದ್ದೆ: "ಕೆಲಸ ಮುಗಿಯಿತು" ಎಂದು ಮೇಲೆ ಬರೆದದ್ದು ಸುಳ್ಳು. ಬಲಗಡೆಯ ಗನ್ನಿನ ಹಿಂದಿನ ಬೋಲ್ಟನ್ನು ಬೆರಳಿನಿಂದಷ್ಟೇ ತಿರುಗಿಸಿ ಬಿಟ್ಟಿದ್ದೇನೆ. ಶನಿವಾರ ಮೇಲ್ವಿಚಾರಕರು ಒಂದೊಂದನ್ನೂ ಅಲ್ಲಾಡಿಸಿ ನೋಡುತ್ತಾರೆ. ಶುಕ್ರವಾರದೊಳಗೆ ನೀನು ಬಂದು ಬಿಗಿ ಮಾಡದಿದ್ದರೆ ನನ್ನ ಮಾನ ಹೋಗುತ್ತದೆ. ನಿನ್ನ ಸ್ಪ್ಯಾನರ್ ಹುಡುಕಬೇಡ. ಕಳೆದುಹೋಯಿತು ಎಂದು ಮನೆಯನ್ನೆಲ್ಲ ತಲೆಕೆಳಗು ಮಾಡಿದ್ದೆಯಲ್ಲ, ಅದು ನಾನು ಕೆಲಸಕ್ಕೆ ಸೇರಿದ ದಿನದಿಂದಲೂ ನನ್ನ ಪೆಟ್ಟಿಗೆಯಲ್ಲೇ ಇದೆ.